ಗ್ರೇಹೌಂಡಿಗೆ ಕ್ರೇಟ್ ಎಲ್ಲಿಯವರೆಗೆ?

ಓಟದ ಪಂದ್ಯಗಳಿಂದ ನಿವೃತ್ತಿಯಾದ ಗ್ರೇಹೌಂಡ್ ನಾಯಿಯನ್ನು ದತ್ತು ತೆಗೆದುಕೊಳ್ಳುವ ಅಮೆರಿಕದ ಎಷ್ಟೋ ಮನೆಗಳಲ್ಲಿ ನಾಯಿಗಿಂತ ಮೊದಲು ಬಂದು ಕೂರುವುದು ಕ್ರೇಟ್. ಸುಮಾರು ನಾಲ್ಕು ಅಡಿ ಉದ್ದದ, ನಾಯಿ ಒಳಗೆ ತಲೆಯೆತ್ತಿ ನಿಲ್ಲುವಷ್ಟು ಎತ್ತರದ ಈ ತಂತಿಯ ಪಂಜರ, ಸಣ್ಣ ನಡುಮನೆಯಾದರೆ ಓಡಾಡುವ ಜಾಗವನ್ನೆಲ್ಲ ನುಂಗಿಬಿಡುತ್ತದೆ. ಮೊದಲ ಕೆಲವು ವಾರ ಯಾರೂ ತಕರಾರು ತೆಗೆಯುವುದಿಲ್ಲ. ನಾಯಿ ಮನೆಗೆ ಹೊಂದಿಕೊಂಡಂತೆಲ್ಲ ಪ್ರಶ್ನೆ ಏಳುತ್ತದೆ: ಇದು ಇನ್ನೆಷ್ಟು ದಿನ? ಇದಕ್ಕೆ ತಿಂಗಳಿನ ಲೆಕ್ಕವಿಲ್ಲ. ವಯಸ್ಸಿನ ಲೆಕ್ಕವನ್ನೂ ಪೂರ್ತಿ ನಂಬುವಂತಿಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ಆ ನಾಯಿ ಏನು ಮಾಡುತ್ತದೆ ಎಂಬುದೊಂದೇ ಅಳತೆಗೋಲು. ತೊಡಕೆಂದರೆ, ಹೊರಗೆ ಹೋಗುವಾಗಲೆಲ್ಲ ನಾಯಿಯನ್ನು ಕ್ರೇಟಿಗೆ ಹಾಕಿಯೇ ಹೋಗುವ ಮನೆಯಲ್ಲಿ ಅದು ಗೊತ್ತಾಗುವ ದಾರಿಯೇ ಇರುವುದಿಲ್ಲ. ಅದಕ್ಕೇ ಬಹಳ ಮನೆಗಳಲ್ಲಿ ಕ್ರೇಟ್ ನಾಯಿಗೆ ಬೇಕಾದುದಕ್ಕಿಂತ ಹೆಚ್ಚು ಕಾಲ ಉಳಿದುಹೋಗುತ್ತದೆ.

ಈ ಪದ್ಧತಿ ಬಂದದ್ದು ಓಟದ ಟ್ರ್ಯಾಕಿನಿಂದ. ಯಂತ್ರದ ಮೊಲದ ಹಿಂದೆ ನಾಯಿಗಳು ಓಡುವ ಪಂದ್ಯಕ್ಕೆ ರೂಪ ಕೊಟ್ಟ ಓವೆನ್ ಪ್ಯಾಟ್ರಿಕ್ ಸ್ಮಿತ್ 1919ರಲ್ಲಿ ಕ್ಯಾಲಿಫೋರ್ನಿಯಾದ ಎಮರಿವಿಲ್‌ನಲ್ಲಿ ಟ್ರ್ಯಾಕ್ ತೆರೆದ. 1926ರ ಹೊತ್ತಿಗೆ ಈ ಆಟ ಇಂಗ್ಲೆಂಡಿನ ಮ್ಯಾಂಚೆಸ್ಟರಿಗೂ ತಲುಪಿತು. ಅಮೆರಿಕದಲ್ಲಿ ಓಟದ ನಾಯಿಗಳನ್ನು ಇರಿಸುತ್ತಿದ್ದ ಕೆನೆಲ್‌ಗಳೆಂದರೆ ಉದ್ದನೆಯ ಕೊಠಡಿಗಳು. ಗೋಡೆಯುದ್ದಕ್ಕೂ ಎರಡು ಅಂತಸ್ತಿನಲ್ಲಿ ಕ್ರೇಟ್‌ಗಳ ಸಾಲು. ಹೆಚ್ಚು ತೂಗುವ ಗಂಡು ನಾಯಿಗಳಿಗೆ ಸಾಮಾನ್ಯವಾಗಿ ಕೆಳಗಿನ ಸಾಲು, ಹೆಣ್ಣು ನಾಯಿಗಳಿಗೆ ಮೇಲಿನದು. ಹಾಸಲು ಹಳೆಯ ಕಾರ್ಪೆಟ್ ತುಂಡು, ಇಲ್ಲವೇ ಚೂರು ಮಾಡಿದ ಕಾಗದ. ದಿನಕ್ಕೆ ನಾಲ್ಕೈದು ಸಲ ಬಾಯಿಕುಕ್ಕೆ ಹಾಕಿ, ಬೇಲಿ ಕಟ್ಟಿದ ಅಂಗಳಕ್ಕೆ ಗುಂಪುಗುಂಪಾಗಿ ಬಿಡುತ್ತಿದ್ದರು. ಅಲ್ಲೇ ಮಲಮೂತ್ರ, ಅಲ್ಲೇ ಒಂದಿಷ್ಟು ಮೈಮುರಿತ. ಪಂದ್ಯ ಎಂದರೆ ಅರ್ಧ ನಿಮಿಷದ ಆಸುಪಾಸಿನ ಕೆಲಸ, ಅದೂ ದಿನಾ ಇಲ್ಲ. ಉಳಿದ ಹೊತ್ತೆಲ್ಲ ಕ್ರೇಟ್.

ಇಂಥ ನಾಯಿ ಮೂರು, ನಾಲ್ಕು ಅಥವಾ ಐದನೆಯ ವಯಸ್ಸಿನಲ್ಲಿ ಮನೆಗೆ ಬಂದಾಗ ದತ್ತು ಕೊಡುವ ಸಂಸ್ಥೆಗಳು ಹೇಳುವ ಮಾತು ಒಂದೇ: ಕ್ರೇಟ್ ಅದಕ್ಕೆ ಪರಿಚಿತ ಜಾಗ, ಅಲ್ಲಿ ಅದಕ್ಕೆ ನೆಮ್ಮದಿ. ಮಾತಿನಲ್ಲಿ ಸತ್ಯ ಇದೆ. ಆದರೆ ಅದು ಅರ್ಧ ಸತ್ಯ. ಕೆನೆಲ್‌ನಲ್ಲಿ ನಾಯಿ ಕ್ರೇಟಿನೊಳಗೆ ಇತ್ತು ನಿಜ, ಒಂಟಿಯಾಗಿ ಮಾತ್ರ ಇರಲಿಲ್ಲ. ಮರಿಯಾಗಿದ್ದಾಗ ಫಾರ್ಮಿನಲ್ಲಿ ತಾಯಿ, ಒಡಹುಟ್ಟುಗಳ ಜೊತೆ. ಆಮೇಲೆ ಕೆನೆಲ್‌ನಲ್ಲಿ ಹತ್ತಾರು ನಾಯಿಗಳ ಉಸಿರು, ವಾಸನೆ, ಕೆಲಸದವರ ಓಡಾಟ, ಎಷ್ಟೋ ಕಡೆ ಸದಾ ಹಾಡುವ ರೇಡಿಯೊ. ಬದುಕಿನಲ್ಲಿ ಮೊದಲ ಬಾರಿಗೆ ಅದು ತನ್ನ ಜಾತಿಯ ಇನ್ನೊಂದು ಪ್ರಾಣಿಯಿಲ್ಲದ ಮನೆಗೆ ಬಂದಿರುತ್ತದೆ. ಎಂಟು ಗಂಟೆಗೆ ಎಲ್ಲರೂ ಬಾಗಿಲು ಹಾಕಿಕೊಂಡು ಹೋದರೆಂದರೆ ಆ ನಿಶ್ಶಬ್ದ ಅದಕ್ಕೆ ಹೊಸದು. ಕ್ರೇಟ್ ಹಳೆಯದಾದ ಮಾತ್ರಕ್ಕೆ ಈ ಹೊಸತನ ಕಡಿಮೆಯಾಗುವುದಿಲ್ಲ.

ಇನ್ನೊಂದು ವಿಚಾರವನ್ನೂ ಇಲ್ಲೇ ಹೇಳಬೇಕು. ಐರ್ಲೆಂಡ್, ಬ್ರಿಟನ್‌ಗಳ ಓಟದ ಕೆನೆಲ್‌ಗಳಲ್ಲಿ ಅಮೆರಿಕದ ಮಾದರಿಯ ಕ್ರೇಟ್ ಸಾಲುಗಳು ರೂಢಿಯಲ್ಲಿಲ್ಲ. ಮನುಷ್ಯರು ನಡೆದುಹೋಗಬಹುದಾದಷ್ಟು ದೊಡ್ಡ ಕೋಣೆಗಳಲ್ಲಿ, ಹಲವು ಸಲ ಎರಡೆರಡಾಗಿ, ನಾಯಿಗಳನ್ನು ಇಡುತ್ತಾರೆ. ಅಮೆರಿಕದಲ್ಲಿ ಓಟ ಈಗ ಹೆಚ್ಚುಕಡಿಮೆ ಮುಗಿದ ಕಥೆ. 2018ರಲ್ಲಿ ಫ್ಲೋರಿಡಾದ ಮತದಾರರು ಅದನ್ನು ನಿಷೇಧಿಸಿದರು, 2020ರ ಕೊನೆಗೆ ಅಲ್ಲಿಯ ಟ್ರ್ಯಾಕುಗಳು ನಿಂತವು. ಬಳಿಕ ಅಯೋವಾ, ಅರ್ಕನ್ಸಾಗಳಲ್ಲೂ ಮುಚ್ಚಿ, ಪಂದ್ಯ ವೆಸ್ಟ್ ವರ್ಜೀನಿಯಾಕ್ಕೆ ಸೀಮಿತವಾಯಿತು. ಹೀಗಾಗಿ ಅಮೆರಿಕದ ದತ್ತು ಸಂಸ್ಥೆಗಳು ಐರ್ಲೆಂಡ್, ಆಸ್ಟ್ರೇಲಿಯಾಗಳಿಂದ ನಾಯಿಗಳನ್ನು ವಿಮಾನದಲ್ಲಿ ತರಿಸಿಕೊಳ್ಳತೊಡಗಿವೆ. ನಾಯಿ ಬೇರೆ ದೇಶದ್ದು, ಸಲಹೆ ಮಾತ್ರ ಹಳೆಯ ಫ್ಲೋರಿಡಾದ್ದು. ಐರಿಷ್ ಕೆನೆಲ್‌ನಿಂದ ಬಂದ ನಾಯಿಗೆ ತಂತಿಯ ಕ್ರೇಟ್ ತವರುಮನೆಯೇನಲ್ಲ, ಅದನ್ನೂ ಕಲಿಸಬೇಕಾಗುತ್ತದೆ. ಹಾಗಾಗಿ ಕ್ರೇಟ್ ಬಿಡಿಸುವ ಮಾತಿಗೆ ಮೊದಲು ಆ ನಾಯಿ ಎಲ್ಲಿ, ಹೇಗೆ ಬೆಳೆಯಿತು ಎಂದು ಸಂಸ್ಥೆಯವರನ್ನು ಕೇಳಿ ತಿಳಿಯುವುದು ಒಳ್ಳೆಯದು.

ಮೊದಲ ವಾರಗಳಲ್ಲಿ ಕ್ರೇಟಿನ ಉಪಯೋಗ ಕಡಿಮೆಯದೇನಲ್ಲ. ಮೆಟ್ಟಿಲು, ಗಾಜಿನ ಬಾಗಿಲು, ನಿಲುವುಗನ್ನಡಿ, ನುಣುಪು ನೆಲ ಇವನ್ನೆಲ್ಲ ಈ ನಾಯಿ ಹಿಂದೆ ಕಂಡಿರುವುದಿಲ್ಲ. ಗಂಟೆಗೆ 60 ಕಿಲೋಮೀಟರಿಗೂ ಮೀರಿ ಓಡಬಲ್ಲ, 30 ಕಿಲೋ ತೂಕದ ಪ್ರಾಣಿ ಗಾಜನ್ನು ಬಯಲೆಂದುಕೊಂಡು ನುಗ್ಗಿದರೆ ಏನಾದೀತು ಎಂಬುದನ್ನು ವಿವರಿಸಬೇಕಿಲ್ಲ. ಶೌಚದ ಪಾಠಕ್ಕೂ ಕ್ರೇಟ್ ನೆರವಾಗುತ್ತದೆ. ಗ್ರೇಹೌಂಡ್ ತಾನು ಮಲಗುವ ಜಾಗವನ್ನು ಹೊಲಸು ಮಾಡಿಕೊಳ್ಳುವುದಿಲ್ಲ. ಆದರೆ ಅದರ ಲೆಕ್ಕದಲ್ಲಿ ಮಲಗುವ ಜಾಗವೆಂದರೆ ನಾಲ್ಕಡಿಯ ಕ್ರೇಟ್. ಅದರಾಚೆಯ ಊಟದ ಕೋಣೆ ಅಂಗಳವೇ ಇರಬೇಕು ಎಂದು ಅದು ಭಾವಿಸಿದರೆ ತಪ್ಪು ಅದರದ್ದಲ್ಲ. ಮನೆಯ ನಾಲ್ಕು ಗೋಡೆಯ ಒಳಗಿನದೆಲ್ಲ ಮಲಗುವ ಜಾಗವೇ ಎಂಬುದು ಅದಕ್ಕೆ ಗೊತ್ತಾಗಲು ಹೊತ್ತುಹೊತ್ತಿಗೆ ಹೊರಗೆ ಕರೆದೊಯ್ಯಬೇಕು. ಜೊತೆಗೆ, ಕೋಣೆಗಳನ್ನು ಒಂದೊಂದಾಗಿ ತೆರೆದು ಕೊಡಬೇಕು.

ಕೆಲವು ನಾಯಿಗಳ ವಿಷಯದಲ್ಲಿ ಮಾತ್ರ ಕಾಯುವ ಪ್ರಶ್ನೆಯೇ ಇಲ್ಲ, ಕ್ರೇಟನ್ನು ಅಂದೇ ನಿಲ್ಲಿಸಬೇಕು. ಮನೆಯವರು ಹಿಂದಿರುಗಿದಾಗ ಹಾಸಿಗೆ, ಎದೆ ಎಲ್ಲ ಜೊಲ್ಲಿನಲ್ಲಿ ತೊಯ್ದಿರುವುದು, ತಂತಿ ಬಾಗಿರುವುದು, ಕೋರೆಹಲ್ಲಿನ ತುದಿ ಮುರಿದಿರುವುದು, ಉಗುರು ಕಿತ್ತು ರಕ್ತ ಬಂದಿರುವುದು, ಮೂಗಿನ ಮೇಲಿನ ಚರ್ಮ ಉಜ್ಜಿಹೋಗಿರುವುದು ಇವೆಲ್ಲ ಹಟದ ಗುರುತುಗಳಲ್ಲ, ದಿಗಿಲಿನ ಗುರುತುಗಳು. ಗ್ರೇಹೌಂಡಿನ ಚರ್ಮ ತೀರ ತೆಳು, ಮೇಲಿನ ಕೂದಲೂ ಗಿಡ್ಡ. ಬೇರೆ ನಾಯಿಗೆ ಗೀರಾಗುವಷ್ಟರ ತಾಗು ಇದಕ್ಕೆ ಹೊಲಿಗೆ ಹಾಕುವ ಗಾಯವಾಗುತ್ತದೆ. ಬಾಲವನ್ನು ಪಂಜರಕ್ಕೆ ಬಡಿದೂ ಬಡಿದೂ ತುದಿ ಒಡೆದು ರಕ್ತ ಚಿಮ್ಮುವುದುಂಟು. ಅದು ಮಾಯುವುದು ಬಲು ನಿಧಾನ. ಹಟ ಬೇರೆ, ದಿಗಿಲು ಬೇರೆ. ಬಾಗಿಲು ಹಾಕಿದ ಮೇಲೆ ಐದು ಹತ್ತು ನಿಮಿಷ ಬೊಗಳಿ, ಮುಲುಗಿ, ಆಮೇಲೆ ಇಟ್ಟ ತಿಂಡಿಯನ್ನು ಮೆಲ್ಲುವ ನಾಯಿ ಹಟ ಮಾಡುತ್ತಿದೆ. ಇಷ್ಟದ ಮಾಂಸದ ತುಂಡನ್ನೂ ಮೂಸದೆ, ಹೊತ್ತು ಕಳೆದಷ್ಟೂ ಏದುಸಿರು ಹೆಚ್ಚಿಸಿಕೊಳ್ಳುವ ನಾಯಿ ಹೆದರಿದೆ.

ಹೆದರಿದ್ದು ಯಾವುದಕ್ಕೆ ಎಂಬುದು ಮುಂದಿನ ಪ್ರಶ್ನೆ. ಕೆಲವು ನಾಯಿಗಳಿಗೆ ಕೂಡಿಹಾಕಿದ್ದೇ ಸಂಕಟ. ಬಾಗಿಲು ತೆರೆದಿಟ್ಟರೆ ಅದೇ ಕೋಣೆಯಲ್ಲಿ ಹಾಯಾಗಿ ಮಲಗುತ್ತವೆ. ಇನ್ನು ಕೆಲವಕ್ಕೆ ಒಂಟಿತನವೇ ಸಂಕಟ. ಕ್ರೇಟ್ ತೆಗೆದರೆ ದಿಗಿಲು ಕ್ರೇಟಿನಿಂದ ತಲೆಬಾಗಿಲಿಗೆ ವರ್ಗವಾಗುತ್ತದೆ ಅಷ್ಟೇ. ಪಶುವೈದ್ಯರು ಸೆಪರೇಷನ್ ಆಂಗ್ಸೈಟಿ ಎನ್ನುವುದು ಈ ಎರಡನೆಯದನ್ನು. ಇದಕ್ಕೆ ಔಷಧಗಳಿವೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ನಾಯಿಗಳಿಗೆಂದು ಕ್ಲೊಮಿಪ್ರಮಿನ್‌ಗೆ 1998ರಲ್ಲೂ ಫ್ಲುವೊಕ್ಸೆಟಿನ್‌ಗೆ 2007ರಲ್ಲೂ ಒಪ್ಪಿಗೆ ಕೊಟ್ಟಿತು. ಇವನ್ನು ವೈದ್ಯರು ಬರೆದುಕೊಟ್ಟರೂ ಒಂಟಿಯಾಗಿರುವ ಅಭ್ಯಾಸ ಮಾಡಿಸುವ ಕೆಲಸ ತಪ್ಪುವುದಿಲ್ಲ. ಆ ಅಭ್ಯಾಸ ನಾಟಲು ಮಾತ್ರೆ ನೆರವಾಗುತ್ತದೆ.

ಇಂಥ ತೊಂದರೆ ಇಲ್ಲದ ನಾಯಿ ತಾನು ಸಿದ್ಧವಾಗಿರುವುದನ್ನು ಸಣ್ಣಪುಟ್ಟ ನಡತೆಗಳಲ್ಲೇ ತೋರಿಸುತ್ತದೆ. ಮನೆಯವರು ಇದ್ದಾಗ ವಾರಗಟ್ಟಲೆ ಎಲ್ಲೂ ಗಲೀಜು ಮಾಡಿಲ್ಲ. ಜನ ಇನ್ನೊಂದು ಕೋಣೆಗೆ ಹೋದರೆ ಪ್ರತಿ ಸಲ ಹಿಂಬಾಲಿಸುವುದಿಲ್ಲ, ತಲೆಯೆತ್ತಿ ನೋಡಿ ಮತ್ತೆ ಮಲಗುತ್ತದೆ. ಚಪ್ಪಲಿ, ರಿಮೋಟ್, ದಿಂಬು ಬಾಯಿಗೆ ಹೋಗುತ್ತಿಲ್ಲ. ಹೊರಗೆ ಹೊರಡುವ ಹೊತ್ತಿಗೆ ತಾನಾಗಿ ಕ್ರೇಟಿಗೆ ಹೋಗುತ್ತದೆ, ಮನೆಯವರು ಬಂದಾಗ ನಿದ್ದೆಗಣ್ಣಿನಲ್ಲಿ ಏಳುತ್ತದೆ. ಎರಡು ವರ್ಷದ ನಾಯಿಗಿಂತ ಐದು ವರ್ಷದ್ದು ಈ ಹಂತಕ್ಕೆ ಬೇಗ ಬರುವ ಸಂಭವ ಹೆಚ್ಚು, ಯಾಕೆಂದರೆ ಎಳೆಯದಕ್ಕೆ ಬಾಯಿಚಪಲ ಇನ್ನೂ ಹೋಗಿರುವುದಿಲ್ಲ. ಹಾಗೆಂದು ಎರಡು ವರ್ಷದ್ದೆಲ್ಲ ಪುಂಡ, ಐದರದ್ದೆಲ್ಲ ಸಾಧು ಎಂದೇನೂ ಇಲ್ಲ.

ಬಿಡಿಸುವುದನ್ನು ರಾತ್ರಿಯಿಂದ ಶುರುಮಾಡುವುದು ಸುಲಭ. ರಾತ್ರಿ ಮನೆಯವರೆಲ್ಲ ಇರುತ್ತಾರೆ, ಹಾಗಾಗಿ ಒಂಟಿತನದ ಪರೀಕ್ಷೆ ಅದರೊಳಗೆ ಸೇರುವುದಿಲ್ಲ. ಮಲಗುವ ಕೋಣೆಯಲ್ಲಿ ದಪ್ಪನೆಯ ಹಾಸಿಗೆ ಹಾಕಿ ಬಾಗಿಲು ಮುಚ್ಚಿದರಾಯಿತು. ಮೈಮೇಲೆ ಕೊಬ್ಬಿಲ್ಲದ ಈ ನಾಯಿಗೆ ಬರಿನೆಲ ಒತ್ತುತ್ತದೆ, ಮೊಣಕೈಗಳಲ್ಲಿ ಜಡ್ಡು ಕಟ್ಟುತ್ತದೆ. ರಾತ್ರಿಯ ಸ್ವಾತಂತ್ರ್ಯದಲ್ಲಿ ಎಚ್ಚರ ವಹಿಸಬೇಕಾದದ್ದು ನಾಯಿಗಿಂತ ಮನುಷ್ಯರು. ಕ್ರೇಟಿನಲ್ಲಿ ಬೆಳೆದ ಗ್ರೇಹೌಂಡನ್ನು ಅದು ನಿದ್ದೆಯಲ್ಲಿರುವಾಗ ಯಾರೂ ಮುಟ್ಟಿದವರಿಲ್ಲ, ಎಡವಿದವರಿಲ್ಲ. ಕಣ್ಣು ಅರೆತೆರೆದೇ ನಿದ್ರಿಸುವ ಗ್ರೇಹೌಂಡುಗಳೂ ಇವೆ, ನೋಡಿದವರು ಎಚ್ಚರವಾಗಿದೆ ಎಂದುಕೊಳ್ಳುತ್ತಾರೆ. ಕತ್ತಲಲ್ಲಿ ಕಾಲು ತಾಗಿದರೆ, ಮಗು ಬಂದು ತಬ್ಬಿಕೊಂಡರೆ, ಅದು ಬೆಚ್ಚಿ ಗುರ್ರೆನ್ನಬಹುದು, ಕಚ್ಚಲೂಬಹುದು. ಅದರಲ್ಲಿ ಸಿಟ್ಟಿಲ್ಲ, ಎಚ್ಚರವಾಗುವ ಮೊದಲೇ ಬಾಯಿ ಆಡಿರುತ್ತದೆ. ದೂರದಿಂದ ಹೆಸರು ಕರೆದು, ಅದು ತಲೆಯೆತ್ತಿದ ಮೇಲಷ್ಟೇ ಹತ್ತಿರ ಹೋಗುವುದು ಮನೆಮಂದಿಗೆಲ್ಲ ರೂಢಿಯಾಗಬೇಕು. ಸಣ್ಣ ಮಕ್ಕಳಿರುವ ಮನೆಯಲ್ಲಿ ನಾಯಿಯ ಹಾಸಿಗೆಯನ್ನು ಮಕ್ಕಳು ಓಡಾಡುವ ದಾರಿಯಿಂದ ದೂರ, ಗೋಡೆಯ ಮೂಲೆಗೆ ಹಾಕುವುದು ಜಾಣತನ. ಕ್ರೇಟಿನ ಗೋಡೆಗಳು ಇಷ್ಟು ದಿನ ಮಾಡುತ್ತಿದ್ದ ಕೆಲಸ ಇದೇ.

ಹಗಲಿನ ಸರದಿ ಆಮೇಲೆ. ಇಡೀ ಮನೆಯನ್ನು ಒಮ್ಮೆಗೇ ಬಿಟ್ಟುಕೊಡುವುದು ಹಲವರು ಎಡವುವ ಜಾಗ. ಒಂದೇ ಕೋಣೆ, ಅದರ ಬಾಗಿಲಿಗೆ ಮಕ್ಕಳಿಗೆ ಹಾಕುವಂಥ ಗೇಟು, ಒಳಗೆ ಕ್ರೇಟ್ ಬಾಗಿಲು ತೆರೆದು ಕಟ್ಟಿಟ್ಟು, ಪಕ್ಕದಲ್ಲಿ ಇನ್ನೊಂದು ಹಾಸಿಗೆ. ಬಾಗಿಲನ್ನು ಕಟ್ಟದಿದ್ದರೆ ಅದು ತಾನಾಗಿ ಹಾಕಿಕೊಂಡು ನಾಯಿ ಒಳಗೆ ಸಿಕ್ಕಿಬೀಳಬಹುದು. ತಂತಿಗೆ ಸಿಕ್ಕಿ ಉಸಿರು ಕಟ್ಟೀತು ಎಂದು ಕ್ರೇಟಿನ ಬಳಿ ಇರುವಾಗ ಕೊರಳಪಟ್ಟಿ ತೆಗೆದಿಡುತ್ತಾರೆ. ಗ್ರೇಹೌಂಡುಗಳಿಗೆ ಹಾಕುವ ಮಾರ್ಟಿಂಗೇಲ್ ಪಟ್ಟಿಗೆ ಜೋಲುವ ಕುಣಿಕೆ ಇರುವುದರಿಂದ ಈ ಎಚ್ಚರ ಇನ್ನೂ ಮುಖ್ಯ. ಅಗಿಯುವ ಚಟ ಇರುವ ನಾಯಿಗೆ ಬುಟ್ಟಿಯಾಕಾರದ ಬಾಯಿಕುಕ್ಕೆ ಹಾಕಿ ಬಿಡುವವರಿದ್ದಾರೆ. ಹೊರಗಿನವರ ಕಣ್ಣಿಗೆ ಅದು ಕ್ರೂರವಾಗಿ ಕಂಡೀತು. ಟ್ರ್ಯಾಕಿನಲ್ಲಿ ದಿನಕ್ಕೆ ಹಲವು ಸಲ ಅದನ್ನು ಹಾಕಿಸಿಕೊಂಡ ನಾಯಿಗೆ ಅದು ಲೆಕ್ಕಕ್ಕೇ ಇಲ್ಲ. ಅದರೊಳಗೆ ಏದುಸಿರು ಬಿಡಬಹುದು, ನೀರು ಕುಡಿಯಬಹುದು.

ಇಷ್ಟಾದ ಮೇಲೆ ಮನೆಯವರು ಹೊರಗೆ ಹೋಗಬೇಕು, ಮತ್ತು ಬೇಗ ಬರಬೇಕು. ಮೊದಲು ಕಸ ಹಾಕಿ ಬರುವಷ್ಟು ಹೊತ್ತು. ಆಮೇಲೆ ಐದು ನಿಮಿಷ, ಹದಿನೈದು ನಿಮಿಷ, ಅಂಗಡಿಗೆ ಹೋಗಿಬರುವಷ್ಟು, ಒಂದು ಸಿನಿಮಾದಷ್ಟು. ಪ್ರತಿ ಸಲವೂ ಹಿಂದಿನದಕ್ಕಿಂತ ಉದ್ದವಾಗಿಯೇ ಇರಬೇಕೆಂದಿಲ್ಲ. ನಡುವೆ ಎರಡು ನಿಮಿಷದ ಸುಲಭದ ಸುತ್ತೂ ಇದ್ದರೆ ನಾಯಿಗೆ ಲೆಕ್ಕ ಸಿಗುವುದಿಲ್ಲ. ಹೋಗುವಾಗ ಮುದ್ದುಮಾತು, ಬಂದಾಗ ಹಬ್ಬ ಎರಡೂ ಬೇಡ. ಆ ಹೊತ್ತಿನಲ್ಲಿ ನಾಯಿ ಏನು ಮಾಡುತ್ತದೆ ಎಂದು ನೋಡಲು ಒಂದು ಹಳೆಯ ಫೋನನ್ನು ಕಪಾಟಿನ ಮೇಲೆ ಕ್ಯಾಮೆರಾ ಮಾಡಿಟ್ಟರೆ ಸಾಕು.

ಆ ದೃಶ್ಯದಲ್ಲಿ ಕಾಣುವುದು ಹೆಚ್ಚಾಗಿ ಹೀಗೆ: ಬಾಗಿಲು ಹಾಕಿದ ಸದ್ದಿಗೆ ನಾಯಿ ಎದ್ದು ನಿಲ್ಲುತ್ತದೆ. ಕಿವಿ ನೆಟ್ಟಗೆ, ಬಾಲ ಕೆಳಗೆ. ಬಾಗಿಲ ಸಂದಿಗೆ ಮೂಗಿಟ್ಟು ಒಂದು ನಿಮಿಷ. ಕಿಟಕಿಯ ಬಳಿಗೆ ಹೋಗಿ ಕಾರು ಹೊರಟದ್ದನ್ನು ನೋಡುತ್ತದೆ. ಸಣ್ಣಗೆ ಕುಂಯ್ ಎನ್ನುತ್ತದೆ, ಮತ್ತೆ ಬಾಗಿಲಿಗೆ ಬರುತ್ತದೆ, ಸೋಫಾದ ಅಂಚು ಮೂಸುತ್ತದೆ. ಹಾಸಿಗೆಯ ಮೇಲೆ ಎರಡು ಮೂರು ಸುತ್ತು ತಿರುಗಿ, ಉದ್ದ ಕಾಲುಗಳನ್ನು ಒಂದೊಂದಾಗಿ ಮಡಚಿ, ಧೊಪ್ಪನೆ ಬಿದ್ದುಕೊಂಡು ನಿಟ್ಟುಸಿರು ಬಿಡುತ್ತದೆ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಇಷ್ಟು ಮುಗಿದರೆ ಆ ನಾಯಿಗೆ ಕ್ರೇಟ್ ಬೇಕಿಲ್ಲ. ಬೆನ್ನ ಮೇಲೆ ಉರುಳಿ ನಾಲ್ಕು ಕಾಲನ್ನೂ ಮೇಲಕ್ಕೆತ್ತಿ ಮಲಗಿದರಂತೂ ಮಾತೇ ಬೇಡ, ಅಷ್ಟು ನಿರ್ಭಯವಾಗಿ ಮಲಗುವುದು ಪೂರ್ತಿ ನೆಮ್ಮದಿ ಇದ್ದಾಗ ಮಾತ್ರ. ಬದಲಿಗೆ ಬಾಗಿಲು, ಕಿಟಕಿ, ಬಾಗಿಲು, ಕಿಟಕಿ ಎಂದು ಶತಪಥ ನಿಲ್ಲದೇ ಇದ್ದರೆ, ಊಳಿಡಲು ಶುರುವಾದರೆ, ಹೊರಗಿರುವ ಅವಧಿ ಜಾಸ್ತಿಯಾಯಿತು ಎಂದರ್ಥ.

ಅನಾಹುತವಾದಾಗ ಅದು ಎಲ್ಲಿ, ಯಾವಾಗ ಆಯಿತು ಎಂದು ನೋಡದೆ ತೀರ್ಪು ಕೊಡಬಾರದು. ಕಸದ ಡಬ್ಬಿ ಉರುಳಿದ್ದರೆ, ಅಡುಗೆ ಕಟ್ಟೆಯ ಮೇಲಿನ ಬ್ರೆಡ್ ಮಾಯವಾಗಿದ್ದರೆ, ಅದು ಎಟಕುವಲ್ಲಿ ಇಟ್ಟವರ ತಪ್ಪು. ಗ್ರೇಹೌಂಡಿನ ಮೂತಿ ಕಟ್ಟೆಯ ಎತ್ತರಕ್ಕೆ ಸರಾಗವಾಗಿ ಸಿಗುತ್ತದೆ. ಬಾಗಿಲ ಚೌಕಟ್ಟು, ಕಿಟಕಿಯ ಪರದೆ ಹರಿದಿದ್ದರೆ ಅದು ಬೇರೆ ಕಥೆ, ನಾಯಿ ಹೊರಬರಲು ಹೆಣಗಿದೆ. ಉಚ್ಚೆಯ ವಿಷಯದಲ್ಲೂ ಅಷ್ಟೆ. ಹೋದ ಹತ್ತೇ ನಿಮಿಷದಲ್ಲಿ ಬಾಗಿಲ ಬಳಿ ಆಗಿದ್ದರೆ ಹೆದರಿಕೆ, ಏಳನೆಯ ಗಂಟೆಗೆ ಮೂಲೆಯಲ್ಲಿ ಆಗಿದ್ದರೆ ತಡೆಯಲಾಗದೆ ಆದದ್ದು. ಮೊದಲನೆಯದಕ್ಕೆ ಎರಡು ಹೆಜ್ಜೆ ಹಿಂದೆ ಸರಿಯಬೇಕು, ಎರಡನೆಯದಕ್ಕೆ ಮಧ್ಯಾಹ್ನ ಹೊರಗೆ ಕರೆದೊಯ್ಯುವವರನ್ನು ಹುಡುಕಬೇಕು. ಗಂಟೆಗಟ್ಟಲೆ ಕಳೆದ ಮೇಲೆ ಬಂದು ಗದರುವುದರಿಂದ ನಾಯಿ ಕಲಿಯುವುದು ಒಂದೇ: ಇವರು ಮನೆಗೆ ಬರುವುದು ಅಪಾಯದ ಹೊತ್ತು.

ಅವಧಿಯ ಮಾತು ಬಂದಾಗ ಒಂದು ಸರಳ ಕೂಡುಲೆಕ್ಕ ಮಾಡಿ ನೋಡಬೇಕು. ಕಚೇರಿ, ಪ್ರಯಾಣ ಸೇರಿ ಒಂಬತ್ತು ಗಂಟೆ, ರಾತ್ರಿ ಎಂಟು ಗಂಟೆ. ಎರಡೂ ಹೊತ್ತು ಕ್ರೇಟ್ ಎಂದರೆ ದಿನದ 24ರಲ್ಲಿ 17 ಗಂಟೆ. ಟ್ರ್ಯಾಕಿನ ಕೆನೆಲ್‌ನಲ್ಲೂ ಹಗಲು ಕೆಲವು ಗಂಟೆಗೊಮ್ಮೆ ಬಯಲಿಗೆ ಬಿಡುತ್ತಿದ್ದರು. ಅಲ್ಲಿಂದ ಬಿಡಿಸಿ ತಂದ ನಾಯಿಗೆ ಮನೆಯಲ್ಲಿ ಅದಕ್ಕಿಂತ ಕಡಿಮೆ ಸಿಗುವುದಾದರೆ ದತ್ತು ಎಂಬ ಮಾತಿಗೆ ಅರ್ಥ ತೆಳುವಾಗುತ್ತದೆ. ಸ್ವೀಡನ್, ಫಿನ್ಲೆಂಡ್‌ಗಳಲ್ಲಂತೂ ನಾಯಿಯನ್ನು ಮನೆಯೊಳಗೆ ಪಂಜರದಲ್ಲಿ ಮುಚ್ಚಿಡುವುದಕ್ಕೆ ಕಾನೂನೇ ಅಡ್ಡ ಬರುತ್ತದೆ. ಪ್ರಯಾಣದಂಥ ಕೆಲವೇ ಸಂದರ್ಭಗಳಿಗೆ ವಿನಾಯಿತಿ. ಅಲ್ಲಿಯೂ ಜನ ಗ್ರೇಹೌಂಡ್ ಸಾಕುತ್ತಾರೆ, ಕೋಣೆ ಮತ್ತು ಗೇಟಿನಿಂದಲೇ ಕೆಲಸ ಸಾಗುತ್ತದೆ.

ಬೆಕ್ಕು ಅಥವಾ ಪುಟ್ಟ ನಾಯಿ ಇರುವ ಮನೆಯಲ್ಲಿ ಲೆಕ್ಕ ಬೇರೆ. ಕಣ್ಣಿಗೆ ಬಿದ್ದದ್ದನ್ನು ಅಟ್ಟುವುದು ಈ ತಳಿಯ ರಕ್ತದಲ್ಲಿದೆ, ಮನೆಯವರ ಎದುರು ಬೆಕ್ಕಿನ ಪಕ್ಕ ಮಲಗಿದ ಮಾತ್ರಕ್ಕೆ ಅದು ಅಳಿಸಿಹೋಗುವುದಿಲ್ಲ. ಇಲ್ಲಿ ಕ್ರೇಟ್ ಬೇಡವಾದರೂ ನಡುವೆ ಮುಚ್ಚಿದ ಬಾಗಿಲು ಬೇಕು, ಬಹುಶಃ ಯಾವತ್ತೂ. ಎರಡು ಗ್ರೇಹೌಂಡುಗಳಿದ್ದರೆ ಮೊದಮೊದಲು ಎರಡಕ್ಕೂ ಬಾಯಿಕುಕ್ಕೆ ಹಾಕಿ ಬಿಡುತ್ತಾರೆ. ಒಂದಕ್ಕೆ ಹಾಕಿ ಇನ್ನೊಂದಕ್ಕೆ ಬಿಡುವುದು ಅನ್ಯಾಯದ ಪಂದ್ಯ.

ಕರ್ನಾಟಕದಲ್ಲಿ ಇದೇ ಗುಂಪಿನ ನಾಯಿಯೆಂದರೆ ಮುಧೋಳ. ಬಾಗಲಕೋಟೆ ಜಿಲ್ಲೆಯ ಈ ತೆಳುಮೈಯ ಬೇಟೆನಾಯಿಯ ಸಂವರ್ಧನೆಗೆ ಮುಧೋಳ ಬಳಿಯ ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರವಿದೆ. 2005ರಲ್ಲಿ ಅದರ ಅಂಚೆಚೀಟಿಯೂ ಬಂತು. ಈಗ ಅದು ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೂ ಬಂದಿದೆ, ಕ್ರೇಟೂ ಆನ್‌ಲೈನ್‌ನಲ್ಲಿ ಸಿಗುತ್ತದೆ. ಅಮೆರಿಕದ ಗ್ರೇಹೌಂಡ್ ಸಲಹೆಯನ್ನು ಹಾಗೇ ಎತ್ತಿ ಮುಧೋಳಕ್ಕೆ ಹಚ್ಚುವುದರಲ್ಲಿ ತೊಡಕಿದೆ. ಹಟ್ಟಿಯಲ್ಲಿ, ಹೊಲದ ಬದುವಿನಲ್ಲಿ ಬೆಳೆದ ತಳಿ ಅದು. ಕೆನೆಲ್ ಕ್ರೇಟಿನ ಬಾಲ್ಯ ಅದಕ್ಕಿಲ್ಲ, ಮರಳಿ ಹೋಗಲು ಪರಿಚಿತ ಪಂಜರವಿಲ್ಲ. ಅದರ ಮಟ್ಟಿಗೆ ಕೋಣೆ, ಗೇಟು, ನಿಮಿಷಗಳ ಲೆಕ್ಕದ ಅಭ್ಯಾಸ ಇವುಗಳಿಂದಲೇ ಶುರುಮಾಡಬಹುದು. ತೆಳು ಚರ್ಮ, ಅಟ್ಟುವ ಗುಣ ಮಾತ್ರ ಎರಡಕ್ಕೂ ಸಮಾನ.

ಇಳಿವಯಸ್ಸಿನಲ್ಲಿ ನಿರ್ಧಾರವನ್ನು ಮೂಳೆಗಳೇ ಮಾಡುತ್ತವೆ. ಎಂಟೊಂಬತ್ತು ದಾಟಿದ ಗ್ರೇಹೌಂಡುಗಳಲ್ಲಿ ಸೊಂಟದ ಬೆನ್ನುಹುರಿಯ ಒತ್ತಡ, ಸಂಧಿವಾತ ಕಾಣಿಸಿಕೊಳ್ಳುವುದುಂಟು. ಕ್ರೇಟಿನೊಳಗೆ ಬಗ್ಗಿ ಹೊಕ್ಕು, ತಿರುಗಿ, ಮುದುಡಿ ಮಲಗುವುದು ಅವಕ್ಕೆ ನೋವು. ಅದುವರೆಗೂ ಕ್ರೇಟಿನಲ್ಲೇ ಮಲಗುತ್ತಿದ್ದ ನಾಯಿ ಒಳಹೋಗಲು ಹಿಂದೇಟು ಹಾಕಿದರೆ ಹಟವೆಂದು ತಳ್ಳದೆ ವೈದ್ಯರಿಗೆ ತೋರಿಸಬೇಕು.

ಕ್ರೇಟ್ ತೆಗೆದಿಡುವಾಗ ಅದು ನಿಂತಿದ್ದ ಜಾಗದಲ್ಲೇ ಹಾಸಿಗೆ ಹಾಕಿ, ಬೇಕಾದ ಮೂಲೆಗೆ ಆಮೇಲೆ ಸರಿಸುವುದು ವಾಸಿ. ಬಾಗಿಲು ತೆರೆದ ಕ್ರೇಟಿಗೆ ಹೋಗಿ ಮಲಗುವುದನ್ನು ಇನ್ನೂ ಇಷ್ಟಪಡುವ ನಾಯಿಯಾದರೆ ತೆಗೆಯುವ ಅವಸರವೇ ಬೇಡ. ಪಟಾಕಿ, ಗುಡುಗಿನ ರಾತ್ರಿಗಳಲ್ಲಿ ಅದು ಅಲ್ಲಿಗೇ ಓಡುತ್ತದೆ. ಮಡಚಿ ಅಟ್ಟಕ್ಕೆ ಹಾಕಿದ ಕ್ರೇಟನ್ನೂ ಬೇಗ ಮಾರಿಬಿಡದಿದ್ದರೆ ಒಳ್ಳೆಯದು. ಶಸ್ತ್ರಚಿಕಿತ್ಸೆಯಾದ ಮೇಲೆ ಓಡಾಟ ಕಟ್ಟಲು, ಆಸ್ಪತ್ರೆಯಲ್ಲಿ ರಾತ್ರಿ ಉಳಿಯಲು, ದೂರದ ಪ್ರಯಾಣಕ್ಕೆ ಕ್ರೇಟಿನ ಅಭ್ಯಾಸ ಬೇಕಾಗುತ್ತದೆ. ಮನೆ ಬದಲಿಸಿದಾಗ, ಜೊತೆಯ ನಾಯಿ ಸತ್ತಾಗ, ರಜೆ ಮುಗಿದು ಮನೆಯವರು ಒಮ್ಮೆಲೇ ಕಚೇರಿಗೆ ಹೊರಟಾಗ ವರ್ಷಗಳಿಂದ ಬಿಡುಬೀಸಾಗಿದ್ದ ನಾಯಿಯೂ ಕೆಡಬಹುದು. ಆಗ ಮತ್ತೆ ಒಂದು ಕೋಣೆ, ಒಂದು ಗೇಟು, ಐದು ನಿಮಿಷದಿಂದ ಆರಂಭ. ಎರಡನೆಯ ಸಲ ಸಾಮಾನ್ಯವಾಗಿ ಅಷ್ಟು ದಿನ ಹಿಡಿಯುವುದಿಲ್ಲ.